ಅಳೆದು ಮಾರುವ ಅಂತರ್ಜಾಲ

ಮನೆಗೆ ಬರುವ ವಿದ್ಯುಚ್ಛಕ್ತಿಯನ್ನು ಮೀಟರು ಅಳೆಯುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ನಲ್ಲಿಯ ನೀರಿಗೂ ಮೀಟರುಂಟು. ಬಳಸಿದಷ್ಟಕ್ಕೆ ಹಣ ತೆರುವುದು ನ್ಯಾಯವೆಂಬುದನ್ನು ನಾವೆಲ್ಲರೂ ಒಪ್ಪಿಕೊಂಡಿದ್ದೇವೆ. ಒಂದು ದೀಪ ಉರಿಸುವವನೂ ಇಪ್ಪತ್ತು ದೀಪ ಉರಿಸುವವನೂ ಸಮನಾಗಿ ಹಣ ಕೊಡಬೇಕೆಂದರೆ ಯಾರೂ ಒಪ್ಪಲಾರರು. ಹಾಗಾದರೆ ಅಂತರ್ಜಾಲದ ಮೂಲಕ ಬರುವ ದತ್ತಾಂಶವನ್ನೂ ಹೀಗೆಯೇ ಅಳೆದು, ಗಿಗಾಬೈಟಿಗೆ ಇಷ್ಟೆಂದು ಬೆಲೆ ಕಟ್ಟಿದರೆ ಆಕ್ಷೇಪವೇಕೆ?

ಈ ಪ್ರಶ್ನೆ ಮೇಲುನೋಟಕ್ಕೆ ಸರಳವಾಗಿ ಕಾಣುತ್ತದೆ. ಆದರೆ 2011ನೆಯ ಇಸವಿಯ ಆರಂಭದಲ್ಲಿ ಕೆನಡಾ ದೇಶದಲ್ಲಿ ಇದೇ ಪ್ರಶ್ನೆ ಮನೆಮನೆಯ ಚರ್ಚೆಯಾಯಿತು. ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಒಂದು ಮನವಿಪತ್ರಕ್ಕೆ ಸಹಿ ಹಾಕಿದರು. ಮಂತ್ರಿಗಳು ಮಧ್ಯೆ ಪ್ರವೇಶಿಸಬೇಕಾಯಿತು. ಒಂದು ದರಪಟ್ಟಿಯ ವಿಷಯದಲ್ಲಿ ಇಷ್ಟು ಜನ ಎದ್ದುನಿಲ್ಲುವುದು ಅಪರೂಪವೇ ಸರಿ. ಅವರ ಕೋಪಕ್ಕೆ ಹಣದ ಕಾರಣವಿತ್ತೆಂಬುದು ನಿಜ. ಆದರೆ ಅದರ ಹಿಂದೆ ಒಂದು ವೈಜ್ಞಾನಿಕ ಕಾರಣವೂ ಇತ್ತು. ಮೀಟರು ಅಳೆಯುವ ವಸ್ತುವಿಗೂ ನಿಜವಾಗಿ ಖರ್ಚಾಗುವ ವಸ್ತುವಿಗೂ ಅಲ್ಲಿ ಹೊಂದಾಣಿಕೆ ಇರಲಿಲ್ಲ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಅಳತೆಯ ಮಾನಗಳನ್ನು ಪರಿಚಯ ಮಾಡಿಕೊಳ್ಳಬೇಕು.

ಅಳೆಯುವುದು ಏನನ್ನು?

ಹೌದು ಅಥವಾ ಅಲ್ಲ, ಒಂದು ಅಥವಾ ಸೊನ್ನೆ, ಇಷ್ಟನ್ನು ಮಾತ್ರ ತಿಳಿಸಬಲ್ಲ ಅತಿ ಚಿಕ್ಕ ಸುದ್ದಿಗೆ ಬಿಟ್ ಎಂದು ಹೆಸರು. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪದವನ್ನು ಬಳಸಿದನು; ಪದವನ್ನು ಸೂಚಿಸಿದವನು ಜಾನ್ ಟೂಕಿ ಎಂದು ಅವನೇ ಅಲ್ಲಿ ತಿಳಿಸಿದ್ದಾನೆ. ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ಹತ್ತು ಲಕ್ಷ ಬೈಟ್‌ಗಳು ಒಂದು ಮೆಗಾಬೈಟ್; ನೂರು ಕೋಟಿ ಬೈಟ್‌ಗಳು ಒಂದು ಗಿಗಾಬೈಟ್. ಇಲ್ಲೊಂದು ತೊಡಕನ್ನು ಓದುಗರು ಗಮನಿಸಬೇಕು. ತಂತಿಯ ವೇಗವನ್ನು ಕಂಪನಿಗಳು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತವೆ. ತಿಂಗಳ ಮಿತಿಯನ್ನು ಮಾತ್ರ ಗಿಗಾಬೈಟಿನಲ್ಲಿ ಹೇಳುತ್ತವೆ. ಬ್ಯಾಂಕಿನ ಬಡ್ಡಿಯನ್ನು ಬಾಯಿಲೆಕ್ಕದಲ್ಲಿ ಹೇಳಬಲ್ಲವರೂ ಈ ಎಂಟರ ಅಂತರದಲ್ಲಿ ಎಡವುವುದನ್ನು ನಾವು ಕಂಡಿದ್ದೇವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಬ್ಬ ಗ್ರಾಹಕನ ಮನೆಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗದ ಸಂಪರ್ಕವಿದೆ. ಅವನಿಗೆ ತಿಂಗಳಿಗೆ 25 ಗಿಗಾಬೈಟ್ ಮಿತಿ. 25 ಗಿಗಾಬೈಟ್ ಎಂದರೆ 2 ಲಕ್ಷ ಮೆಗಾಬಿಟ್. ಇದನ್ನು 5ರಿಂದ ಭಾಗಿಸಿದರೆ 40,000 ಸೆಕೆಂಡು, ಅಂದರೆ ಸುಮಾರು ಹನ್ನೊಂದು ಗಂಟೆ. ಮೂವತ್ತು ದಿನಗಳ ತಿಂಗಳಿನಲ್ಲಿ 720 ಗಂಟೆಗಳಿವೆ. ತನಗೆ ಕೊಟ್ಟಿರುವ ವೇಗವನ್ನು ಪೂರ್ತಿಯಾಗಿ ಉಪಯೋಗಿಸಿದರೆ ಅವನ ತಿಂಗಳ ಪಡಿ ಒಂದು ಹಗಲಿನಲ್ಲಿ ಮುಗಿದುಹೋಗುತ್ತದೆ. ಈ ಸಂಖ್ಯೆಗಳನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಅವು ಮುಂದೆ ಮತ್ತೆ ಬರುತ್ತವೆ.

ಅಕ್ಕಿ ಮತ್ತು ಭೋಜನಶಾಲೆ

ಕೆರೆಯ ನೀರನ್ನು ಒಬ್ಬ ರೈತನು ತನ್ನ ಗದ್ದೆಗೆ ಹಾಯಿಸಿಕೊಂಡರೆ ಕೆರೆಯಲ್ಲಿ ಅಷ್ಟು ನೀರು ಕಡಮೆಯಾಗುತ್ತದೆ. ವಿದ್ಯುಚ್ಛಕ್ತಿಯನ್ನು ಬಳಸಿದರೆ ಎಲ್ಲೋ ಅಷ್ಟು ಕಲ್ಲಿದ್ದಲು ಉರಿದಿರುತ್ತದೆ, ಇಲ್ಲವೆ ಜಲಾಶಯದಿಂದ ಅಷ್ಟು ನೀರು ಇಳಿದಿರುತ್ತದೆ. ದತ್ತಾಂಶ ಈ ಜಾತಿಗೆ ಸೇರಿದುದಲ್ಲ. ಒಂದು ಪಾಠದ ಚಲಚ್ಚಿತ್ರವನ್ನು ಸಾವಿರ ಮಂದಿ ತರಿಸಿಕೊಂಡರೂ ಮೂಲದಲ್ಲಿರುವ ಪ್ರತಿ ಸವೆಯುವುದಿಲ್ಲ. ಅದು ಹಾದುಬಂದ ಗಾಜಿನ ಎಳೆಯೂ ಸವೆಯುವುದಿಲ್ಲ. ದಾರಿಯಲ್ಲಿರುವ ರೌಟರು ಮೊದಲಾದ ಯಂತ್ರಗಳು ಕೆಲಸವಿರಲಿ ಬಿಡಲಿ ಬಹುಮಟ್ಟಿಗೆ ಒಂದೇ ಪ್ರಮಾಣದ ವಿದ್ಯುತ್ತನ್ನು ಹೀರುತ್ತಿರುತ್ತವೆ.

ಹಾಗಾದರೆ ಕಂಪನಿಗೆ ಖರ್ಚೇ ಇಲ್ಲವೆ? ಖರ್ಚು ಉಂಟು, ಬಹಳವಾಗಿಯೇ ಉಂಟು. ರಸ್ತೆ ಅಗೆದು ತಂತಿ ಹೂಳಬೇಕು, ಯಂತ್ರಗಳನ್ನು ಕೊಳ್ಳಬೇಕು, ಅವನ್ನು ನೋಡಿಕೊಳ್ಳುವ ಜನರಿಗೆ ಸಂಬಳ ಕೊಡಬೇಕು. ಆದರೆ ಈ ಖರ್ಚು ನಿರ್ಧಾರವಾಗುವುದು ತಿಂಗಳಿನಲ್ಲಿ ಒಟ್ಟು ಎಷ್ಟು ದತ್ತಾಂಶ ಹರಿಯಿತೆಂಬುದರಿಂದಲ್ಲ. ಅತ್ಯಂತ ದಟ್ಟಣೆಯ ವೇಳೆಯಲ್ಲಿ ಒಂದು ಸೆಕೆಂಡಿಗೆ ಎಷ್ಟು ಹರಿಯಬೇಕಾಗುತ್ತದೆ ಎಂಬುದರಿಂದ. ಇದನ್ನು ಮದುವೆಯ ಮನೆಯ ಉದಾಹರಣೆಯಿಂದ ತಿಳಿಯಬಹುದು. ಅಲ್ಲಿ ಅಕ್ಕಿ ಎಷ್ಟು ಬೇಕೆಂಬುದು ಒಟ್ಟು ಉಣ್ಣುವವರ ಲೆಕ್ಕ. ಭೋಜನಶಾಲೆ ಎಷ್ಟು ದೊಡ್ಡದಿರಬೇಕೆಂಬುದು ಒಂದು ಪಂಕ್ತಿಯಲ್ಲಿ ಕೂಡುವವರ ಲೆಕ್ಕ. ಸಾವಿರ ಜನ ಬಂದರೂ ಹತ್ತು ಪಂಕ್ತಿಗಳಲ್ಲಿ ಉಂಡರೆ ನೂರು ಎಲೆ ಹಾಕುವಷ್ಟು ಜಾಗ ಸಾಕು. ಐನೂರು ಜನರೇ ಬಂದು ಎಲ್ಲರೂ ಮೊದಲ ಪಂಕ್ತಿಯಲ್ಲಿಯೇ ಕೂಡುತ್ತೇವೆಂದರೆ ಐನೂರು ಎಲೆಗಳ ಜಾಗ ಬೇಕು. ಅಂತರ್ಜಾಲವೆಂಬ ಈ ವಿಚಿತ್ರವಾದ ಮದುವೆಯ ಮನೆಯಲ್ಲಿ ಅಕ್ಕಿಯ ಖರ್ಚು ಇಲ್ಲವೆನ್ನುವಷ್ಟು ಕಡಮೆ. ಇರುವುದೆಲ್ಲ ಭೋಜನಶಾಲೆಯ ಖರ್ಚು.

ಹಳೆಯ ದೂರವಾಣಿಯ ವ್ಯವಸ್ಥೆಯಲ್ಲಿ ಇಬ್ಬರು ಮಾತನಾಡುತ್ತಿರುವಷ್ಟು ಹೊತ್ತೂ ಅವರಿಬ್ಬರ ನಡುವಣ ಮಾರ್ಗ ಅವರಿಗೇ ಮೀಸಲಾಗಿರುತ್ತಿತ್ತು. ಅವರು ಸುಮ್ಮನಿದ್ದರೂ ಬೇರೆಯವರು ಅದನ್ನು ಬಳಸುವಂತಿರಲಿಲ್ಲ. ಆದಕಾರಣ ಮಾತಿನ ಅವಧಿಗೂ ದೂರಕ್ಕೂ ತಕ್ಕಂತೆ ಹಣ ಕೇಳುವುದರಲ್ಲಿ ಅರ್ಥವಿತ್ತು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್ ಬೇರೆಬೇರೆಯಾಗಿ ಯೋಚಿಸಿ ಕಂಡುಕೊಂಡ ಹೊಸ ವಿಧಾನದಲ್ಲಿ ಸುದ್ದಿಯನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಕಳುಹಿಸಲಾಗುತ್ತದೆ. ಒಂದೇ ತಂತಿಯಲ್ಲಿ ನೂರಾರು ಜನರ ಪೊಟ್ಟಣಗಳು ಒಂದರ ಹಿಂದೊಂದು ಸಾಗುತ್ತವೆ. ಯಾರಿಗೂ ಮೀಸಲು ಮಾರ್ಗವಿಲ್ಲ. ಜಾಗವಿದ್ದಾಗ ಎಲ್ಲರಿಗೂ ಜಾಗ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಅರ್ಪಾನೆಟ್ ಈ ತತ್ತ್ವದ ಮೇಲೆ ನಡೆಯಿತು. ಇಂದಿನ ಅಂತರ್ಜಾಲವೂ ಅದರ ಮೇಲೆಯೇ ನಿಂತಿದೆ. ಜಾಗಕ್ಕಿಂತ ಹೆಚ್ಚು ಪೊಟ್ಟಣಗಳು ಒಮ್ಮೆಗೇ ಬಂದರೆ ರೌಟರಿನಲ್ಲಿ ಸಾಲು ನಿಲ್ಲುತ್ತವೆ. ಸಾಲು ಮಿತಿಮೀರಿದರೆ ಕೆಲವು ಬಿದ್ದುಹೋಗುತ್ತವೆ, ಅವನ್ನು ಮತ್ತೆ ಕಳುಹಿಸಬೇಕಾಗುತ್ತದೆ. ಸಂಜೆಯ ಹೊತ್ತು ಚಿತ್ರ ನಿಂತುನಿಂತು ಬರುವುದು ಅನೇಕ ವೇಳೆ ಇದೇ ಕಾರಣದಿಂದ.

ಈಗ ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯ ಮನೆಯವರು ಪ್ರತಿದಿನ ರಾತ್ರಿ 8ರಿಂದ 10ರವರೆಗೆ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಚಲಚ್ಚಿತ್ರ ನೋಡುತ್ತಾರೆ. ದಿನಕ್ಕೆ 4.5 ಗಿಗಾಬೈಟ್, ತಿಂಗಳಿಗೆ 135 ಗಿಗಾಬೈಟ್ ಆಯಿತು. ಎರಡನೆಯ ಮನೆಯ ವಿದ್ಯಾರ್ಥಿಯು ತನಗೆ ಬೇಕಾದುದನ್ನೆಲ್ಲ ರಾತ್ರಿ 2ರಿಂದ 6ರವರೆಗೆ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ತಾನೇ ಇಳಿದುಬರುವ ಹಾಗೆ ಏರ್ಪಡಿಸಿ ಮಲಗುತ್ತಾನೆ. ದಿನಕ್ಕೆ 7.2, ತಿಂಗಳಿಗೆ 216 ಗಿಗಾಬೈಟ್. ಮೀಟರಿನ ಪ್ರಕಾರ ಎರಡನೆಯವನು ಮೊದಲನೆಯವರ 1.6 ಪಟ್ಟು ಹಣ ಕೊಡಬೇಕು. ಆದರೆ ಮೊದಲನೆಯ ಬಗೆಯ ಸಾವಿರ ಮನೆಗಳಿರುವ ಬಡಾವಣೆಗೆ ಕಂಪನಿಯು ಸೆಕೆಂಡಿಗೆ 5,000 ಮೆಗಾಬಿಟ್ ಸಾಗಿಸಬಲ್ಲ ಮಾರ್ಗವನ್ನು ಕಟ್ಟಲೇಬೇಕು. ಎರಡನೆಯ ಬಗೆಯ ಸಾವಿರ ಮನೆಗಳು ಅದೇ ಬಡಾವಣೆಗೆ ಹೊಸದಾಗಿ ಬಂದವೆನ್ನಿ. ಅವುಗಳಿಗೆ ನಡುರಾತ್ರಿಯಲ್ಲಿ ಬೇಕಾದುದು 4,000 ಮೆಗಾಬಿಟ್. ಆ ಹೊತ್ತಿನಲ್ಲಿ ಮಾರ್ಗ ಬರಿದಾಗಿಯೇ ಇರುತ್ತದೆ. ಪ್ರತಿ ಮನೆಗೂ ಒಂದು ತಂತಿ ಎಳೆಯುವುದನ್ನು ಬಿಟ್ಟರೆ ಬಡಾವಣೆಯ ಮಾರ್ಗಕ್ಕೆ ಕಂಪನಿಯು ಒಂದು ಕಾಸನ್ನೂ ಹೆಚ್ಚಾಗಿ ಖರ್ಚುಮಾಡಬೇಕಾಗಿಲ್ಲ. ಮಾರ್ಗ ಕಟ್ಟುವಂತೆ ಮಾಡಿದವರು ಕಡಮೆ ತೆರುತ್ತಾರೆ, ಖಾಲಿ ಮಾರ್ಗದಲ್ಲಿ ನಡೆದವರು ಹೆಚ್ಚು ತೆರುತ್ತಾರೆ.

ಕಂಪನಿಗಳಿಗೆ ಇದು ತಿಳಿಯದ ವಿಷಯವೇನೂ ಅಲ್ಲ. ಅವು ಪರಸ್ಪರ ವ್ಯಾಪಾರ ಮಾಡುವಾಗ ಗಿಗಾಬೈಟನ್ನು ಲೆಕ್ಕಕ್ಕೇ ಹಿಡಿಯದಿರುವುದು ಸಾಮಾನ್ಯ. ಒಂದು ಚಿಕ್ಕ ಕಂಪನಿ ದೊಡ್ಡ ಕಂಪನಿಯಿಂದ ಜಗತ್ತಿನ ಸಂಪರ್ಕವನ್ನು ಕೊಳ್ಳುವಾಗ ಪ್ರತಿ ಐದು ನಿಮಿಷಕ್ಕೊಮ್ಮೆ ಹರಿವಿನ ವೇಗವನ್ನು ಬರೆದಿಡುತ್ತಾರೆ. ತಿಂಗಳಿಗೆ ಇಂಥ 8,640 ಅಂಕಿಗಳಾಗುತ್ತವೆ. ಇವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ತುದಿಯ ನೂರಕ್ಕೆ ಐದು ಪಾಲನ್ನು, ಅಂದರೆ 432 ಅಂಕಿಗಳನ್ನು ಬಿಟ್ಟುಬಿಡುತ್ತಾರೆ. ಉಳಿದವುಗಳಲ್ಲಿ ಅತಿ ದೊಡ್ಡದು ಯಾವುದೋ ಅದಕ್ಕೆ ಹಣ. 432 ಅಂಕಿಗಳೆಂದರೆ 36 ಗಂಟೆಗಳು; ಎಂದೋ ಒಂದು ದಿನ ಕ್ರಿಕೆಟ್ ಪಂದ್ಯದಿಂದಾಗಿ ಹರಿವು ಉಕ್ಕಿದರೆ ಅದನ್ನು ಕ್ಷಮಿಸಿದಂತಾಯಿತು. ಆದರೆ ದಿನವೂ ಸಂಜೆ ಎರಡು ಗಂಟೆಗಳ ದಟ್ಟಣೆಯಿದ್ದರೆ ತಿಂಗಳಿಗೆ 60 ಗಂಟೆಗಳಾಗುವುದರಿಂದ ಅದು ಈ ಜಾಲರಿಯಲ್ಲಿ ತಪ್ಪಿಸಿಕೊಳ್ಳಲಾರದು. ಇದಲ್ಲವೆ ಜಾಣತನದ ಮೀಟರು!

ಕೆನಡಾದಲ್ಲಿ ನಡೆದುದು

ಒಂಟೇರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯಗಳಲ್ಲಿ ಮನೆಗಳಿಗೆ ಹೋಗುವ ದೂರವಾಣಿಯ ತಂತಿಗಳು ಬಹುಪಾಲು ಬೆಲ್ ಕೆನಡಾ ಕಂಪನಿಗೆ ಸೇರಿದವು. ಸ್ಪರ್ಧೆ ಇರಲೆಂಬ ಉದ್ದೇಶದಿಂದ, ಚಿಕ್ಕ ಕಂಪನಿಗಳಿಗೂ ಈ ತಂತಿಗಳನ್ನು ಸಗಟು ದರದಲ್ಲಿ ಬಾಡಿಗೆಗೆ ಕೊಡಬೇಕೆಂದು ಅಲ್ಲಿಯ ಕಾನೂನು ವಿಧಿಸುತ್ತದೆ. ದರಗಳನ್ನು ಗೊತ್ತುಮಾಡುವ ಸಂಸ್ಥೆ ಕೆನಡಾದ ರೇಡಿಯೊ, ಟೆಲಿವಿಷನ್ ಮತ್ತು ದೂರಸಂಪರ್ಕ ಆಯೋಗ. ಟೆಕ್‌ಸ್ಯಾವಿ ಎಂಬುದು ಹೀಗೆ ಬಾಡಿಗೆಯ ತಂತಿಯ ಮೇಲೆ ವ್ಯಾಪಾರ ನಡೆಸುತ್ತಿದ್ದ ಒಂದು ಕಂಪನಿ. ಮನೆಯಿಂದ ತನ್ನ ಕೇಂದ್ರದವರೆಗೆ ಮಾತ್ರ ಅದು ಬೆಲ್ ಕಂಪನಿಯ ಮಾರ್ಗವನ್ನು ಬಳಸುತ್ತಿತ್ತು. ಅಲ್ಲಿಂದ ಮುಂದಿನ ಜಗತ್ತಿನ ಸಂಪರ್ಕವನ್ನು ತಾನೇ ಕೊಳ್ಳುತ್ತಿತ್ತು. ತನ್ನ ಗ್ರಾಹಕರಿಗೆ ತಿಂಗಳಿಗೆ 200 ಗಿಗಾಬೈಟ್ ಮಿತಿಯ ಒಂದು ಯೋಜನೆಯನ್ನು ಅದು ಕೊಡುತ್ತಿತ್ತು.

ಬೆಲ್ ಕಂಪನಿಯು ತನ್ನ ಸ್ವಂತ ಗ್ರಾಹಕರಿಗೆ ಗಿಗಾಬೈಟಿನ ಮಿತಿ ಹಾಕಿತ್ತು. ಮಿತಿ ಮೀರಿದರೆ ಹೆಚ್ಚುವರಿ ಶುಲ್ಕ. ಇದೇ ಏರ್ಪಾಡು ಬಾಡಿಗೆದಾರ ಕಂಪನಿಗಳ ಗ್ರಾಹಕರಿಗೂ ಅನ್ವಯಿಸಬೇಕೆಂದು ಅದು ಆಯೋಗವನ್ನು ಕೇಳಿಕೊಂಡಿತು. ಕೆಲವೇ ಜನ ಅತಿಯಾಗಿ ಬಳಸುವುದರಿಂದ ದಟ್ಟಣೆಯುಂಟಾಗುತ್ತದೆ, ಹೊರೆ ಹೊರಿಸಿದವನು ಹಣ ಕೊಡಲಿ ಎಂಬುದು ಅದರ ವಾದ. 2011ರ ಜನವರಿ 25ರಂದು ಆಯೋಗ ಇದಕ್ಕೆ ಒಪ್ಪಿಗೆ ಕೊಟ್ಟಿತು. ಚಿಕ್ಕ ಕಂಪನಿಗಳಿಗೆ ನೂರಕ್ಕೆ 15ರಷ್ಟು ರಿಯಾಯಿತಿ ಎಂದಷ್ಟೆ ಸೇರಿಸಿತು. ಪರಿಣಾಮವಾಗಿ ಒಂಟೇರಿಯೊದಲ್ಲಿ 200 ಗಿಗಾಬೈಟಿನ ಯೋಜನೆ 25 ಗಿಗಾಬೈಟಿಗೆ ಇಳಿಯುವುದಿತ್ತು. ಮೇಲೆ ನಾವು ಮಾಡಿದ ಹನ್ನೊಂದು ಗಂಟೆಗಳ ಲೆಕ್ಕ ಇದರದೇ. ಮಿತಿಯ ಆಚೆ ಪ್ರತಿ ಗಿಗಾಬೈಟಿಗೂ ಎರಡು ಡಾಲರಿಗೆ ಸಮೀಪದ ಬೆಲೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ನೆಟ್‌ಫ್ಲಿಕ್ಸ್ ಸಂಸ್ಥೆ ಅಂತರ್ಜಾಲದ ಮೂಲಕ ಚಲಚ್ಚಿತ್ರ ತೋರಿಸುವ ವ್ಯವಹಾರವನ್ನು ಕೆನಡಾದಲ್ಲಿ ಆರಂಭಿಸಿದ್ದು 2010ರ ಸೆಪ್ಟೆಂಬರಿನಲ್ಲಿ. ತಂತಿಗಳ ಒಡೆಯರಾದ ದೊಡ್ಡ ಕಂಪನಿಗಳೇ ಟೆಲಿವಿಷನ್ ವ್ಯವಹಾರವನ್ನೂ ನಡೆಸುತ್ತಿದ್ದವು. ಗಿಗಾಬೈಟಿನ ಬೆಲೆ ಏರಿದಷ್ಟೂ ಅಂತರ್ಜಾಲದ ಚಿತ್ರ ತುಟ್ಟಿಯಾಗುತ್ತದೆ, ಟೆಲಿವಿಷನ್ನಿನ ಚಿತ್ರ ಅಗ್ಗವಾಗಿ ಕಾಣುತ್ತದೆ. ಇದು ಉದ್ದೇಶವೇ ಆಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಗ್ರಾಹಕನಿಗೆ ಉದ್ದೇಶಕ್ಕಿಂತ ಫಲ ಮುಖ್ಯ.

ಜನರ ಪ್ರತಿಭಟನೆಗೆ ಸರ್ಕಾರ ಕಿವಿಗೊಟ್ಟಿತು. ಕೈಗಾರಿಕಾ ಮಂತ್ರಿ ಟೋನಿ ಕ್ಲೆಮೆಂಟ್, ಆಯೋಗ ಹಿಂದೆಗೆಯದಿದ್ದರೆ ಮಂತ್ರಿಮಂಡಲವೇ ತೀರ್ಪನ್ನು ತಳ್ಳಿಹಾಕುವುದೆಂದು ಸೂಚಿಸಿದರು. ಫೆಬ್ರುವರಿಯ ಮೊದಲ ವಾರದಲ್ಲಿಯೇ ಆಯೋಗ ತನ್ನ ತೀರ್ಪನ್ನು ಪುನರ್ವಿಮರ್ಶಿಸುವುದಾಗಿ ಪ್ರಕಟಿಸಿತು. ವಿಚಾರಣೆ ನಡೆದು ನವೆಂಬರ್ 15ರಂದು ಹೊಸ ತೀರ್ಮಾನ ಹೊರಬಿದ್ದಿತು. ಅದರ ಪ್ರಕಾರ ತಂತಿಯ ಒಡೆಯರು ಬಾಡಿಗೆದಾರ ಕಂಪನಿಗಳಿಂದ ಗಿಗಾಬೈಟಿನ ಲೆಕ್ಕದಲ್ಲಿ ಹಣ ಕೇಳುವಂತಿಲ್ಲ. ಒಬ್ಬ ಗ್ರಾಹಕನಿಗೆ ಇಷ್ಟೆಂದು ಸ್ಥಿರವಾದ ಬಾಡಿಗೆಯನ್ನು ಕೇಳಬಹುದು. ಇಲ್ಲವೆ ಮಾರ್ಗದ ಸಾಮರ್ಥ್ಯವನ್ನು, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದನ್ನು, ಮಾರಬಹುದು. ಎರಡನೆಯ ಮಾರ್ಗದಲ್ಲಿ ಚಿಕ್ಕ ಕಂಪನಿಯು ತನ್ನ ಗ್ರಾಹಕರ ಸಂಜೆಯ ದಟ್ಟಣೆಯನ್ನು ಮೊದಲೇ ಅಂದಾಜುಮಾಡಿ ಕೊಳ್ಳಬೇಕು. ಕಡಮೆ ಕೊಂಡರೆ ಗ್ರಾಹಕರು ನಿಧಾನವೆಂದು ದೂರುತ್ತಾರೆ; ಹೆಚ್ಚು ಕೊಂಡರೆ ನಷ್ಟ ಅದರದೇ. ಭೋಜನಶಾಲೆಯನ್ನು ಎಲೆಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟ ಹಾಗಾಯಿತು. ಹಾಗೆಂದು ಇದನ್ನು ಜನರ ಪೂರ್ಣ ವಿಜಯವೆನ್ನಲಾಗದು. ತೀರ್ಮಾನ ಸಗಟು ದರಕ್ಕೆ ಮಾತ್ರ ಸಂಬಂಧಿಸಿತ್ತು. ದೊಡ್ಡ ಕಂಪನಿಗಳು ತಮ್ಮ ಸ್ವಂತ ಗ್ರಾಹಕರಿಗೆ ಹಾಕಿದ್ದ ಮಿತಿಗಳಿಗೆ ಅದರಿಂದ ತಡೆಯುಂಟಾಗಲಿಲ್ಲ.

ಮೀಟರು ಗ್ರಾಹಕನಿಗೆ ಏನು ಮಾಡುತ್ತದೆ

ವಿದ್ಯುತ್ತಿನ ವಿಷಯದಲ್ಲಿ ದೀಪ ಉರಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ನಲ್ಲಿ ಸೋರಿದರೆ ಸದ್ದು ಕೇಳುತ್ತದೆ. ದತ್ತಾಂಶ ಹರಿಯುವುದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಗಿಗಾಬೈಟಿನ ಮಿತಿಗಳು ಬಹುಕಾಲ ಸಾಮಾನ್ಯವಾಗಿದ್ದವು. ಅಲ್ಲಿಯ ಹನ್ನೆರಡು ಮನೆಗಳ ಅನುಭವವನ್ನು ಮಾರ್ಷಿನಿ ಚೆಟ್ಟಿ ಮತ್ತು ಸಂಗಡಿಗರು ಅಧ್ಯಯನಮಾಡಿ 2012ರಲ್ಲಿ ಪ್ರಕಟಿಸಿದರು. ಮೂರು ಕಷ್ಟಗಳು ಅವರಿಗೆ ಮತ್ತೆ ಮತ್ತೆ ಕಂಡುಬಂದವು. ಎಷ್ಟು ಉಳಿದಿದೆಯೆಂಬುದು ಜನರಿಗೆ ತಿಳಿಯುತ್ತಿರಲಿಲ್ಲ. ಯಂತ್ರದೊಳಗೆ ತಾನಾಗಿ ನಡೆಯುವ ಯಾವ ಕೆಲಸ ಎಷ್ಟನ್ನು ತಿಂದಿತೆಂಬುದು ಅರ್ಥವಾಗುತ್ತಿರಲಿಲ್ಲ. ಒಂದೇ ಸಂಪರ್ಕವನ್ನು ಬಳಸುವ ಮನೆಮಂದಿಯಲ್ಲಿ ಮುಗಿಸಿದವರು ಯಾರೆಂಬುದೂ ಬಗೆಹರಿಯುತ್ತಿರಲಿಲ್ಲ. ಕೊನೆಯ ಪ್ರಶ್ನೆ ಮನೆಯ ಶಾಂತಿಗೆ ಸಂಬಂಧಪಟ್ಟುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಸೇರಿಸಬಹುದು. ಪುಟದೊಡನೆ ಬರುವ ಜಾಹೀರಾತೂ, ಕೇಳದೆಯೇ ಓಡತೊಡಗುವ ಚಿತ್ರವೂ ಗ್ರಾಹಕನ ಲೆಕ್ಕಕ್ಕೇ ಸೇರುತ್ತವೆ. ಅಂಗಡಿಯವನ ಕರಪತ್ರಕ್ಕೆ ಅಂಚೆಯ ಹಣವನ್ನು ನಾವು ಕೊಟ್ಟಂತೆ!

ಇದಕ್ಕಿಂತ ಸೂಕ್ಷ್ಮವಾದ ಪರಿಣಾಮವೊಂದನ್ನು ಅರ್ಥಶಾಸ್ತ್ರಜ್ಞರು ನೆರಳು ಬೆಲೆ ಎಂದು ಕರೆಯುತ್ತಾರೆ. 25 ಗಿಗಾಬೈಟ್ ಮಿತಿಯ ಗ್ರಾಹಕನೊಬ್ಬ ತಿಂಗಳ ಹತ್ತನೆಯ ದಿನಕ್ಕೆ 20ನ್ನು ಮುಗಿಸಿದ್ದಾನೆನ್ನೋಣ. ದರಪಟ್ಟಿಯ ಪ್ರಕಾರ ಮುಂದಿನ ಒಂದು ಗಿಗಾಬೈಟಿಗೆ ಬೆಲೆಯಿಲ್ಲ. ಆದರೆ ಅದನ್ನು ಇಂದು ಬಳಸಿದರೆ ಇಪ್ಪತ್ತೈದನೆಯ ತಾರೀಖಿನ ಒಂದು ಗಿಗಾಬೈಟಿಗೆ ಎರಡು ಡಾಲರು ತೆರಬೇಕಾಗುವುದೆಂದು ಅವನಿಗೆ ಗೊತ್ತು. ಆದ್ದರಿಂದ ಅವನ ಮನಸ್ಸಿನಲ್ಲಿ ಇಂದಿನದಕ್ಕೂ ಬೆಲೆ ಬಿದ್ದಾಗಿದೆ. ನೆರೆಮನೆಯವನಿಗೆ ತಿಂಗಳ ಇಪ್ಪತ್ತೆಂಟಕ್ಕೂ ಹತ್ತು ಗಿಗಾಬೈಟ್ ಉಳಿದಿದ್ದರೆ ಅವನಿಗೆ ಅದು ಧರ್ಮಕ್ಕೆ ಬಂದದ್ದು. ಅಮೆರಿಕದ ಮನೆಗಳ ಬಳಕೆಯ ದಾಖಲೆಗಳಿಂದ ಅವಿವ್ ನೇವೊ, ಜಾನ್ ಟರ್ನರ್ ಮತ್ತು ಜೊನಾಥನ್ ವಿಲಿಯಮ್ಸ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದನ್ನು ತೋರಿಸಿಕೊಟ್ಟರು: ಜನರು ಮಿತಿಯನ್ನು ದಾಟುವ ಮೊದಲೇ, ದಾಟುವ ಸಂಭವವನ್ನು ಲೆಕ್ಕಹಾಕಿ ಕೈ ಬಿಗಿಹಿಡಿಯುತ್ತಾರೆ. ಆದುದರಿಂದ ಹೆಚ್ಚುವರಿ ಶುಲ್ಕವನ್ನು ಒಮ್ಮೆಯೂ ಕೊಡದವನಿಗೂ ಮೀಟರಿನ ಬಿಸಿ ತಟ್ಟದೆ ಇಲ್ಲ. ಅವನು ಕೊಡುವುದು ಹಣವನ್ನಲ್ಲ. ನೋಡದೆ ಬಿಟ್ಟ ಪಾಠವನ್ನು, ಹುಡುಕದೆ ಬಿಟ್ಟ ಉತ್ತರವನ್ನು. ಒಂದೇ ಹೊತ್ತಿನಲ್ಲಿ, ಒಂದೇ ತಂತಿಯಲ್ಲಿ, ಒಂದೇ ಗಿಗಾಬೈಟು ಒಬ್ಬನಿಗೆ ತುಟ್ಟಿ, ಇನ್ನೊಬ್ಬನಿಗೆ ಬಿಟ್ಟಿ. ಮಾರ್ಗದ ಮೇಲಿನ ಹೊರೆ ಮಾತ್ರ ಎರಡೂ ಕಡೆ ಸಮ.

ಪ್ರತಿವಾದವನ್ನೂ ನಾವು ಕೇಳಬೇಕು. ಅಜ್ಜಿಯೊಬ್ಬಳು ದಿನಕ್ಕೆ ನಾಲ್ಕು ಸಂದೇಶ ಕಳುಹಿಸುತ್ತಾಳೆ. ಮೊಮ್ಮಗನು ಹಗಲೆಲ್ಲ ಚಿತ್ರ ನೋಡುತ್ತಾನೆ. ಇಬ್ಬರಿಗೂ ಒಂದೇ ಶುಲ್ಕವಾದರೆ ಅಜ್ಜಿಯ ಹಣದಿಂದ ಮೊಮ್ಮಗನ ವಿನೋದ ನಡೆದಂತಲ್ಲವೆ? ಈ ಮಾತಿನಲ್ಲಿ ಹುರುಳಿದೆ. ಮಿತಿಯೇ ಇಲ್ಲದ ಶುಲ್ಕದಿಂದ ತೊಂದರೆಯೂ ಆಗಬಹುದೆಂಬುದಕ್ಕೆ ಉದಾಹರಣೆಯುಂಟು. ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿಯು 1996ರ ಡಿಸೆಂಬರಿನಲ್ಲಿ, ತಿಂಗಳಿಗೆ 19.95 ಡಾಲರ್ ಕೊಟ್ಟರೆ ಎಷ್ಟಾದರೂ ಬಳಸಿರಿ ಎಂದು ಸಾರಿತು. ಜನರು ಸಂಪರ್ಕವನ್ನು ಕಡಿಯದೆ ಕುಳಿತರು. ದೂರವಾಣಿಯ ಮಾರ್ಗಗಳು ತುಂಬಿ ಇತರರಿಗೆ ಒಳಗೆ ಹೋಗಲು ಸಾಧ್ಯವಾಗಲಿಲ್ಲ. ಕಂಪನಿಯು ಮರುವರ್ಷ ಅನೇಕರಿಗೆ ಹಣ ಹಿಂತಿರುಗಿಸಬೇಕಾಯಿತು. ಆದರೆ ಅಲ್ಲಿಯೂ ಸಾಲದೆ ಹೋದುದು ಏಕಕಾಲದಲ್ಲಿ ಎಷ್ಟು ಜನ ಎಂಬ ಸಾಮರ್ಥ್ಯವೇ ಎಂಬುದನ್ನು ಮರೆಯಬಾರದು. ಇನ್ನು ಅಜ್ಜಿಯ ವಿಷಯ. ಅವಳ ಮನೆಗೆ ತಂತಿ ಎಳೆದ ಖರ್ಚು ಮೊಮ್ಮಗನ ಮನೆಗೆ ಎಳೆದ ಖರ್ಚಿನಷ್ಟೇ ಆಗಿರುತ್ತದೆ. ಅವಳು ತೆರುವುದರಲ್ಲಿ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಕಡಮೆ ವೇಗದ ಸಂಪರ್ಕವನ್ನು ಕಡಮೆ ಬೆಲೆಗೆ ಕೊಟ್ಟು ಅವಳಿಗೆ ನ್ಯಾಯ ಒದಗಿಸಬಹುದು. ಮಿತಿಯ ಯೋಜನೆಗಳು ಮೀರಿದವನಿಂದ ಹೆಚ್ಚಾಗಿ ಪಡೆಯುತ್ತವೆಯೇ ಹೊರತು ಬಳಸದೆ ಉಳಿಸಿದವನಿಗೆ ಹಣ ಹಿಂತಿರುಗಿಸಿದ್ದು ವಿರಳ. ಅಜ್ಜಿಯ ಹೆಸರಿನಲ್ಲಿ ಹೂಡಿದ ವಾದದಿಂದ ಅಜ್ಜಿಗೆ ದೊರೆತ ಲಾಭ ಅಲ್ಪ.

2020ರ ಮಾರ್ಚಿಯಲ್ಲಿ, ಕೋವಿಡ್ ಕಾಯಿಲೆಯಿಂದ ಜನರೆಲ್ಲ ಮನೆಗಳಲ್ಲಿ ಉಳಿದಾಗ, ಅಮೆರಿಕದ ಕಾಮ್‌ಕಾಸ್ಟ್, ಕೆನಡಾದ ಬೆಲ್, ರಾಜರ್ಸ್ ಮೊದಲಾದ ಕಂಪನಿಗಳು ತಮ್ಮ ಮಿತಿಗಳನ್ನೂ ಹೆಚ್ಚುವರಿ ಶುಲ್ಕಗಳನ್ನೂ ಕೆಲವು ಕಾಲ ಬಿಟ್ಟುಕೊಟ್ಟವು. ಬಳಕೆ ಹಿಂದೆಂದೂ ಇಲ್ಲದಷ್ಟು ಏರಿತು. ಜಾಲಗಳು ಒಟ್ಟಿನಲ್ಲಿ ತಾಳಿಕೊಂಡವು. ದಟ್ಟಣೆಯನ್ನು ತಡೆಯುವುದಕ್ಕೆ ಮಿತಿಯೊಂದೇ ಉಪಾಯವಾಗಿದ್ದಿದ್ದರೆ ಹೀಗಾಗುತ್ತಿತ್ತೆ ಎಂದು ಹಲವರು ಕೇಳಿದುದು ಸಹಜ.

ನಮ್ಮ ದೇಶದಲ್ಲಿ

ಭಾರತದಲ್ಲಿ ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಆಗಿನದು ಗಂಟೆಗಳ ಲೆಕ್ಕ. ಅದರ ಮೇಲೆ ದೂರವಾಣಿಯ ಕರೆಯ ಶುಲ್ಕ ಬೇರೆ. 2005ರಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಬಂದ ಬಳಿಕ ಗಿಗಾಬೈಟಿನ ಮೀಟರು ನಮ್ಮ ಮನೆಗಳಿಗೂ ಬಂದಿತು. ಮಿತಿ ಮೀರಿದ ಮೇಲೆ ಮೆಗಾಬೈಟಿಗೆ ಒಂದು ರೂಪಾಯಿಯೆಂದು ಇಟ್ಟುಕೊಂಡರೂ 700 ಮೆಗಾಬೈಟಿನ ಒಂದು ಚಲಚ್ಚಿತ್ರಕ್ಕೆ 700 ರೂಪಾಯಿ. ತಿಂಗಳ ಬಾಡಿಗೆಯನ್ನು ಮೀರಿಸುವ ಮೊತ್ತ. ಆದರೆ ಅದೇ ನಿಗಮದ ಒಂದು ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಬೇಕಾದುದನ್ನು ಇಳಿಸಲು ಹಚ್ಚಿ ಮತ್ತೆ ಮಲಗುತ್ತಿದ್ದ ವಿದ್ಯಾರ್ಥಿಗಳು ಆ ಕಾಲದಲ್ಲಿ ಊರೂರಿನಲ್ಲಿದ್ದರು. ನಿದ್ದೆಗೆ ಭಂಗವಾದರೂ ಆ ಯೋಜನೆ ಶಾಸ್ತ್ರಸಮ್ಮತವಾದುದೆಂದು ನಾವು ಹೇಳಬೇಕು: ಮಾರ್ಗ ಬರಿದಾಗಿರುವ ಹೊತ್ತಿನಲ್ಲಿ ಬೆಲೆಯೂ ಸೊನ್ನೆ. ಮೇಲಿನ ಎರಡನೆಯ ಮನೆಯ ವಿದ್ಯಾರ್ಥಿಗೆ ನ್ಯಾಯ ದೊರೆತದ್ದು ಅಲ್ಲಿ.

ಮೊಬೈಲಿನ ಕಥೆ ಬೇರೆ. ಅಲ್ಲಿ ಒಂದು ಗೋಪುರದ ಸುತ್ತಲಿನ ಜನರೆಲ್ಲರೂ ಅಲ್ಪವಾದ ರೇಡಿಯೊ ತರಂಗಗಳನ್ನು ಹಂಚಿಕೊಳ್ಳಬೇಕಾದುದರಿಂದ ಇಕ್ಕಟ್ಟು ಹೆಚ್ಚು. ಬಳಕೆಗೆ ಏನಾದರೊಂದು ಕಡಿವಾಣ ಬೇಕೆಂಬ ವಾದಕ್ಕೆ ಹೆಚ್ಚು ಬಲವುಂಟು. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅಂಕಿಗಳ ಪ್ರಕಾರ 2014ರಲ್ಲಿ ಮೊಬೈಲ್ ದತ್ತಾಂಶದ ಸರಾಸರಿ ಬೆಲೆ ಗಿಗಾಬೈಟಿಗೆ 269 ರೂಪಾಯಿ. 2018ರಲ್ಲಿ 11 ರೂಪಾಯಿ 78 ಪೈಸೆ. ನಡುವೆ, 2016ರ ಸೆಪ್ಟೆಂಬರಿನಲ್ಲಿ, ಜಿಯೊ ಕಂಪನಿ ಮಾರುಕಟ್ಟೆಗೆ ಇಳಿದಿತ್ತು. ಬೆಲೆ ಬಿದ್ದಿತು, ಮೀಟರು ಮಾತ್ರ ಹೋಗಲಿಲ್ಲ. ತಿಂಗಳ ಪಡಿ ದಿನದ ಪಡಿಯಾಯಿತು. ದಿನಕ್ಕೆ ಒಂದೂವರೆ ಅಥವಾ ಎರಡು ಗಿಗಾಬೈಟ್, ಆಮೇಲೆ ಸೆಕೆಂಡಿಗೆ 64 ಕಿಲೋಬಿಟ್ ವೇಗ ಎಂಬುದು ಈಗ ಪರಿಚಿತವಾದ ಏರ್ಪಾಡು. ಈ ವೇಗದಲ್ಲಿ ಒಂದು ಮೆಗಾಬೈಟ್ ಬರಲು 125 ಸೆಕೆಂಡು ಬೇಕು. ಎರಡು ಮೆಗಾಬೈಟಿನ ಒಂದು ಪುಟಕ್ಕೆ ನಾಲ್ಕು ನಿಮಿಷಗಳಿಗೂ ಹೆಚ್ಚು. ಸಂಪರ್ಕ ಇದೆಯೆಂದು ಹೇಳಬಹುದು, ಓದಲಾಗದು. ಇನ್ನು ಉಳಿದುದು ನಡುರಾತ್ರಿಗೆ ಲಯವಾಗುತ್ತದೆ. ಸಂಜೆ ಎಂಟರ ದಟ್ಟಣೆಗೂ ಬೆಳಗಿನ ಜಾವದ ಬಿಡುವಿಗೂ ಈ ಮೀಟರಿನಲ್ಲಿ ಭೇದವಿಲ್ಲ. ಮನೆಯಲ್ಲಿ ತಂತಿಯ ಸಂಪರ್ಕವಿಲ್ಲದೆ ತಾಯಿಯದೋ ತಂದೆಯದೋ ಒಂದೇ ಮೊಬೈಲಿನಲ್ಲಿ ಇಬ್ಬರು ಮಕ್ಕಳು ಪಾಠ ಕೇಳಬೇಕಾದ ಮನೆಯಲ್ಲಿ ಮೊದಲು ಕೂತವರಿಗೆ ಪಾಠ, ಆಮೇಲೆ ಬಂದವರಿಗೆ 64 ಕಿಲೋಬಿಟ್.

ನಮ್ಮ ಓದುಗರು ತಾವೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ದತ್ತಾಂಶದ ಬಳಕೆಯನ್ನು ತೋರಿಸುವ ಪುಟವಿರುತ್ತದೆ. ಒಂದು ವಾರ ಕಾಲ ಪ್ರತಿದಿನ ಬೆಳಗ್ಗೆ 7, ಸಂಜೆ 7, ರಾತ್ರಿ 10 ಈ ಮೂರು ಹೊತ್ತು ಅಲ್ಲಿಯ ಅಂಕಿಯನ್ನು ಬರೆದುಕೊಳ್ಳಿರಿ. ಸಂಜೆ 7ರಿಂದ 10ರವರೆಗಿನ ಬಳಕೆಯನ್ನು ಮೆಗಾಬೈಟಿನಲ್ಲಿ ತೆಗೆದುಕೊಂಡು ಎಂಟರಿಂದ ಗುಣಿಸಿ, 10,800 ಸೆಕೆಂಡುಗಳಿಂದ ಭಾಗಿಸಿದರೆ, ದಟ್ಟಣೆಯ ವೇಳೆಯಲ್ಲಿ ನೀವು ಜಾಲದ ಮೇಲೆ ಹೊರಿಸುವ ಸರಾಸರಿ ಹೊರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ದೊರೆಯುತ್ತದೆ. ಅದೇ ಪುಟದಲ್ಲಿ ಯಾವ ಯಾವ ಆ್ಯಪು ಎಷ್ಟೆಷ್ಟು ಬಳಸಿದೆಯೆಂಬ ಪಟ್ಟಿಯೂ ಇರುತ್ತದೆ. ನೀವು ಆ ವಾರ ಒಮ್ಮೆಯೂ ತೆರೆಯದೆ ಇದ್ದ ಆ್ಯಪುಗಳ ಪಾಲನ್ನು ಬೇರೆಯಾಗಿ ಕೂಡಿಸಿ ನೋಡಿರಿ.